ಓದುಗರ ಪ್ರಶ್ನೆ: ಮಂದಿರವನ್ನೆಲ್ಲ ಸ್ಯಾನಿಟೈಸ್ ಮಾಡಿಸಿದ್ದೇವೆ, ಇನ್ನು ಬಾಗಿಲು ತೆರೆಯಬಹುದಲ್ಲವೇ?

ಪ್ರಶ್ನೆ: ಕೊರೊನಾದಿಂದಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ನಮ್ಮ ಪ್ರಾರ್ಥನಾ ಮಂದಿರವನ್ನು ತೆರೆಯಲು ಅನುಮತಿ ಸಿಕ್ಕಿದೆ. ಒಳಗೂ ಹೊರಗೂ ಔಷಧ ಸಿಂಪಡಿಸಿ ಪೂರ್ತಿ ಸ್ಯಾನಿಟೈಸ್ ಮಾಡಿಸಿದ್ದೇವೆ. ಬಾಗಿಲಲ್ಲಿ, ಬರುವವರ ಮೇಲೆ ಔಷಧ ಸಿಂಪಡಿಸುವ ಸುರಂಗ ಇಡಿಸುವ ಯೋಚನೆಯೂ ಇದೆ. ಇನ್ನು ಎಷ್ಟು ದಿನಕ್ಕೊಮ್ಮೆ ಸಿಂಪಡಿಸಿದರೆ ಸಾಕು?

ಉತ್ತರ: ಸುರಂಗದ ಯೋಚನೆ ಬಿಡಿ. ಸಿಂಪಡಣೆಯನ್ನೂ ಬಿಡಿ. ಉಳಿಯುವ ದುಡ್ಡಿನಲ್ಲಿ ತುಕ್ಕು ಹಿಡಿದು ಕೂತಿರುವ ಕಿಟಕಿಗಳನ್ನು ತೆಗೆಯಲು ಬರುವಂತೆ ಮಾಡಿಸಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಇನ್ನೊಂದು ಸಮಿತಿಯಿಂದ ಬರುತ್ತದೆ. ದೇವಸ್ಥಾನವೋ ಮಸೀದಿಯೋ ಚರ್ಚೋ, ಕಟ್ಟಡ ಬೇರೆಯಾದರೂ ಪ್ರಶ್ನೆ ಮಾತ್ರ ಅದೇ. ಹಾಗಾಗಿ ಮತ್ತೊಮ್ಮೆ, ಮೊದಲಿನಿಂದ.

ತಿಂಗಳುಗಟ್ಟಲೆ ಬೀಗ ಹಾಕಿದ್ದ ಕಟ್ಟಡದಲ್ಲಿ ಕೊಲ್ಲುವುದಕ್ಕೆ ಯಾವ ವೈರಸ್ ಉಳಿದಿರುತ್ತದೆ ಹೇಳಿ. 2020ರ ಮಾರ್ಚ್‌ನಲ್ಲಿ ಪ್ರಕಟವಾದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕೊರೊನಾ ವೈರಸ್ ಪ್ಲಾಸ್ಟಿಕ್ ಮೇಲೆ ಜೀವಂತವಾಗಿ ಸಿಕ್ಕಿದ್ದು ಹೆಚ್ಚೆಂದರೆ 72 ಗಂಟೆ, ಸ್ಟೀಲ್ ಮೇಲೆ 48 ಗಂಟೆ. ಅದೂ ಬೇಕೆಂದೇ ಹೇರಳವಾಗಿ ವೈರಸ್ ಸುರಿದು ನೋಡಿದಾಗ. ಹೀಗಿರುವಾಗ ತೆರೆಯುವ ಹಿಂದಿನ ದಿನ ಗೋಡೆ, ಕಂಬ, ಚಾವಣಿಗೆ ಔಷಧ ಹೊಡೆಸುವುದು ಖಾಲಿ ಮನೆಗೆ ಕಾವಲು ಹಾಕಿದ ಹಾಗೆ. ಸೋಂಕು ಬರುವುದು ಮರುದಿನ, ಜನರ ಜೊತೆಗೆ, ಅವರ ಉಸಿರಿನಲ್ಲಿ. ನಿನ್ನೆ ಹೊಡೆದ ಔಷಧ ಇವತ್ತಿನ ಉಸಿರನ್ನು ಏನು ಮಾಡೀತು?

"ಮುಟ್ಟುವುದರಿಂದ ಹರಡುವುದೇ ಇಲ್ಲವೇ?" ಹರಡುತ್ತದೆ, ಆದರೆ ಬಹಳ ಕಡಿಮೆ. ಸೋಂಕು ತಗುಲಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಉಸಿರಿನ ವಿಷಯ ಹಾಗಲ್ಲ. ಮಾತಾಡುವಾಗ, ಹಾಡುವಾಗ, ಸುಮ್ಮನೆ ಕೂತಿರುವಾಗ ಕೂಡ ಬಾಯಿ ಮೂಗಿನಿಂದ ಹನಿಗಳು ಹೊರಡುತ್ತವೆ. ದಪ್ಪ ಹನಿಗಳು ಒಂದೆರಡು ಮೀಟರಿನೊಳಗೆ ನೆಲ ಸೇರುತ್ತವೆ. ಸಣ್ಣವು ಊದುಬತ್ತಿಯ ಹೊಗೆಯಂತೆ ತೇಲಿ, ಕಿಟಕಿ ಮುಚ್ಚಿದ್ದರೆ ಸಭಾಂಗಣದಲ್ಲೇ ಗಂಟೆಗಟ್ಟಲೆ ಸುತ್ತುತ್ತಿರುತ್ತವೆ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆಂದರೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕಣಿವೆಯ ಗಾಯನ ತಂಡವನ್ನು ನೋಡಿ. 2020ರ ಮಾರ್ಚ್ 10ರಂದು ಅಲ್ಲಿನ ಚರ್ಚಿನ ಸಭಾಂಗಣವೊಂದರಲ್ಲಿ 61 ಜನ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಬಾಗಿಲಲ್ಲಿ ಸ್ಯಾನಿಟೈಸರ್ ಇತ್ತು. ಕೈಕುಲುಕಬಾರದು, ಅಪ್ಪಿಕೊಳ್ಳಬಾರದು ಎಂಬ ಎಚ್ಚರವೂ ಇತ್ತು. ರೋಗಲಕ್ಷಣ ಇದ್ದದ್ದು ಒಬ್ಬರಿಗೆ. ಕೊನೆಗೆ ಆ ಒಬ್ಬರೂ ಸೇರಿ ಸೋಂಕಿತರೆಂದು ಎಣಿಕೆಯಾದದ್ದು 53 ಜನ, ಇಬ್ಬರು ತೀರಿಕೊಂಡರು. ಕೈಗಳು ಶುದ್ಧವಾಗಿಯೇ ಇದ್ದವು. ಕೆಟ್ಟಿದ್ದು ಗಾಳಿ.

ಇನ್ನು ಸಿಂಪಡಣೆ ತನ್ನ ಕೆಲಸವನ್ನಾದರೂ ನೆಟ್ಟಗೆ ಮಾಡುತ್ತದೆಯೇ ಎಂದರೆ, ಅದೂ ಇಲ್ಲ. ಹೈಪೋಕ್ಲೋರೈಟ್ (ಅಂದರೆ ಬ್ಲೀಚ್) ದ್ರಾವಣ ಧೂಳು, ಎಣ್ಣೆಜಿಡ್ಡು, ಮೇಣದ ಮೇಲೆ ಬಿದ್ದರೆ ಮೊದಲು ಆ ಕೊಳೆಯ ಜೊತೆಗೇ ವರ್ತಿಸಿ ಬಲ ಕಳೆದುಕೊಳ್ಳುತ್ತದೆ. ಮೇಲ್ಮೈ ಕನಿಷ್ಠ ಒಂದು ನಿಮಿಷ ಒದ್ದೆಯಾಗಿರಬೇಕು. ಮಂಜಿನಂಥ ಸಿಂಪಡಣೆ ಅದಕ್ಕೂ ಮೊದಲೇ ಆರಿಹೋಗುತ್ತದೆ. ನಳಿಕೆಗೆ ಎದುರಾಗದ ಕಡೆ, ಅಂದರೆ ಮೆಟ್ಟಿಲಿನ ಕಂಬಿಯ ಅಡಿ, ಬೆಂಚಿನ ಹಿಂಬದಿ, ಒಣಗಿಯೇ ಉಳಿಯುತ್ತದೆ. ಜನ ಹಿಡಿಯುವುದೇ ಅಲ್ಲಿ. ಸಿಂಪಡಿಸುವ ಕೆಲಸಗಾರನ ಕಣ್ಣು ಮತ್ತು ಶ್ವಾಸಕೋಶಕ್ಕೆ ಮಾತ್ರ ಪೂರ್ತಿ ಪ್ರಮಾಣ ತಲುಪುತ್ತದೆ. ಒಳಾಂಗಣದಲ್ಲಿ ಮೇಲ್ಮೈಗಳಿಗೆ ಹೀಗೆ ಔಷಧ ಸಿಂಪಡಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಮನುಷ್ಯರ ಮೇಲೆ ಸಿಂಪಡಿಸುವ ಸುರಂಗ, ಪೆಟ್ಟಿಗೆಗಳ ಬಗ್ಗೆಯಂತೂ ಯಾವ ಸಂದರ್ಭದಲ್ಲೂ ಕೂಡದು ಎಂದೇ ಬರೆದಿತ್ತು. ಸೋಂಕಿತನ ವೈರಸ್ ಇರುವುದು ಗಂಟಲಲ್ಲಿ. ಅಂಗಿ ತೋಯಿಸಿದರೆ ಗಂಟಲು ತೊಳೆದಂತಾಗುವುದಿಲ್ಲ.

ಹಾಗಾದರೆ ಒರೆಸುವುದೇ ಬೇಡವೇ? ಬೇಕು. ಸಿಂಪಡಿಸಬೇಡಿ, ಒರೆಸಿ. ಬಾಗಿಲ ಹಿಡಿ, ಮೆಟ್ಟಿಲಿನ ಕಂಬಿ, ನಲ್ಲಿ, ಸ್ವಿಚ್ಚು, ಕಾಣಿಕೆ ಪೆಟ್ಟಿಗೆಯ ಬಾಯಿ: ದಿನಕ್ಕೆ ನೂರು ಕೈ ಬೀಳುವ ಜಾಗಗಳು ಇಷ್ಟೇ. ಮೊದಲು ಸೋಪುನೀರಿನಲ್ಲಿ ಕೊಳೆ ತೆಗೆಯಿರಿ. ಆಮೇಲೆ ಶೇ. 0.1ರ ಬ್ಲೀಚ್ ದ್ರಾವಣ. ನಿಮ್ಮ ಬ್ಲೀಚ್ ಬಾಟಲಿಯ ಮೇಲೆ ಶೇ. 5 ಎಂದಿದ್ದರೆ 20 ಮಿಲಿ ಬ್ಲೀಚ್‌ಗೆ 980 ಮಿಲಿ ತಣ್ಣೀರು. ಬಿಸಿನೀರು ಹಾಕಬೇಡಿ, ಕ್ಲೋರಿನ್ ಹಾರಿಹೋಗುತ್ತದೆ. ಅವತ್ತಿನದು ಅವತ್ತೇ ಬೆರೆಸಿ, ಬಿಸಿಲು ಬೀಳದ ಕಡೆ ಇಡಿ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡಕ್ಕೂ ಒಂದೇ ಬಕೆಟ್ಟು ಬಳಸುವಲ್ಲಿ ಈ ಅನಾಹುತ ಆಗುವುದು. ಹಿತ್ತಾಳೆ, ಕಂಚು, ಬೆಳ್ಳಿ, ಅಮೃತಶಿಲೆಗೆ ಬ್ಲೀಚ್ ತಾಗಿಸಲೇಬೇಡಿ. ಅವುಗಳಿಗೆ ಜನರ ಕೈ ತಾಗದಂತೆ ಹಗ್ಗ ಕಟ್ಟುವುದೇ ಸರಿ. ಪ್ರಾರ್ಥನಾ ಪುಸ್ತಕ, ಚಾಪೆ ಅವರವರದೇ ಇರಲಿ.

ಒಂದು ಮಾತು ಯಾವ ಫಲಕದಲ್ಲೂ ಇರುವುದಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಬಹುಪಾಲು ಆಲ್ಕೋಹಾಲ್, ಅದು ಬೆಂಕಿ ಹಿಡಿಯುವ ವಸ್ತು. ಅದನ್ನು ದೀಪ, ಮೇಣದ ಬತ್ತಿಗಳ ಪಕ್ಕ ಇಡಬೇಡಿ. ಹಚ್ಚಿದ ಕೈ ಪೂರ್ತಿ ಒಣಗುವ ಮೊದಲು, ಅಂದರೆ 20–30 ಸೆಕೆಂಡ್ ಉಜ್ಜುವ ಮೊದಲು, ಯಾರೂ ಕಡ್ಡಿ ಗೀರಬಾರದು. ಆಲ್ಕೋಹಾಲ್ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ಈಗ ಗಾಳಿ. ನಿಜವಾದ ಕೆಲಸ ಇರುವುದು ಇಲ್ಲೇ, ಸ್ವಲ್ಪ ಲೆಕ್ಕವೂ ಇದೆ. ಟೇಪ್ ಹಿಡಿದು ಸಭಾಂಗಣ ಅಳೆಯಿರಿ. 15 ಮೀಟರ್ ಉದ್ದ, 10 ಮೀಟರ್ ಅಗಲ, 4 ಮೀಟರ್ ಎತ್ತರ ಎಂದುಕೊಳ್ಳೋಣ: ನೆಲ 150 ಚದರ ಮೀಟರ್, ಗಾಳಿ 600 ಘನ ಮೀಟರ್. ಇಂಥ ಕಟ್ಟಡಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ. 60 ಜನರಿಗೆ ಸೆಕೆಂಡಿಗೆ 600 ಲೀಟರ್, ಗಂಟೆಗೆ 2,160 ಘನ ಮೀಟರ್. ಅಂದರೆ ಸಭಾಂಗಣದಷ್ಟು ಗಾಳಿ ಗಂಟೆಗೆ 3.6 ಸಲ ಒಳಗೆ ಬರಬೇಕು. ಆದರೆ 60 ಜನ ಕೂರುವ ಹಾಗೆಯೇ ಇಲ್ಲ. ಎರಡು ಮೀಟರ್ ಅಂತರದಲ್ಲಿ ಒಬ್ಬೊಬ್ಬರಿಗೆ 4 ಚದರ ಮೀಟರ್ ಹಿಡಿದರೆ 37 ಜನ. ಕಂಬ, ವೇದಿಕೆ, ಓಡಾಡುವ ದಾರಿ ಕಳೆದರೆ 25–28. ಅಂತರದ ಲೆಕ್ಕ, ಗಾಳಿಯ ಲೆಕ್ಕ ಎರಡನ್ನೂ ಹಾಕಿ, ಯಾವುದು ಚಿಕ್ಕದೋ ಅದನ್ನೇ ಬಾಗಿಲ ಮೇಲೆ ಬರೆಯಿರಿ. ಅಂತರವೊಂದನ್ನೇ ನಂಬಿ ಕೂರಬೇಡಿ. ಅದು ತಡೆಯುವುದು ಎದುರಿನವರ ಮುಖದಿಂದ ನೇರವಾಗಿ ಬರುವ ಉಸಿರನ್ನು. ಒಂದು ಗಂಟೆ ಮುಚ್ಚಿಟ್ಟ ಕೋಣೆಯ ಗಾಳಿ ಮೂಲೆಮೂಲೆಗೂ ಒಂದೇ ಆಗಿರುತ್ತದೆ.

ಇಲ್ಲಿ "ನಮ್ಮಲ್ಲಿ ಎಸಿ ಇದೆ" ಎನ್ನುವವರು ಖಂಡಿತ ಇರುತ್ತಾರೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ. ಒಳಗಿನದನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ನಿಮ್ಮ ಮುಖಕ್ಕೇ ಬಿಡುತ್ತದೆ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಕಿಟಕಿಯಿಲ್ಲದ ಹೋಟೆಲೊಂದರಲ್ಲಿ ಎಸಿಯ ಗಾಳಿ ಸುತ್ತುತ್ತಿದ್ದ ಸಾಲಿನ ಮೂರು ಮೇಜುಗಳಿಂದ, ಮೂರು ಕುಟುಂಬಗಳ 10 ಜನರಿಗೆ ಸೋಂಕು ಕಂಡುಬಂದಿತ್ತು. ಸೀಲಿಂಗ್ ಫ್ಯಾನ್ ಕೂಡ ಗಾಳಿಯನ್ನು ಕದಡುತ್ತದೆ, ಹೊರಗೆ ಹಾಕುವುದಿಲ್ಲ. ಕಿಟಕಿ ತೆರೆದಿದ್ದರೆ ಅದು ಸಹಾಯ, ಮುಚ್ಚಿದ್ದರೆ ಬರೀ ಸಮಾಧಾನ.

ಎದುರು ಬದುರಾಗಿ ಎರಡು ಕಡೆ ತೆರೆದಿರಬೇಕು. ಒಂದೇ ಗೋಡೆಯ ನಾಲ್ಕು ಕಿಟಕಿಗಿಂತ ಎದುರೆದುರಿನ ಎರಡು ಮೇಲು. ಎಕ್ಸಾಸ್ಟ್ ಫ್ಯಾನ್ ಹಾಕುವುದಾದರೆ ತೆರೆದ ಕಿಟಕಿಯ ಪಕ್ಕ ಹಾಕಬೇಡಿ. ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಬಿಡುತ್ತದೆ, ಸಭಾಂಗಣದ ಗಾಳಿ ಅಲುಗುವುದೂ ಇಲ್ಲ. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಎಕ್ಸಾಸ್ಟ್ ಒಂದನ್ನೇ ಓಡಿಸಿದರೆ ಸದ್ದು ಬರುತ್ತದೆ, ಗಾಳಿ ಹೋಗುವುದಿಲ್ಲ. ಒಳಗೆ ಬರಲು ದಾರಿಯಿದ್ದರೆ ತಾನೇ ಹೊರಗೆ ಹೋಗುವುದು? ಒಂದು ಊದುಬತ್ತಿ ಹಚ್ಚಿ ಕಿಟಕಿಯ ಬಳಿ ಹಿಡಿಯಿರಿ, ಹೊಗೆ ಯಾವ ಕಡೆ ವಾಲುತ್ತದೆಂದು ಕಣ್ಣಿಗೇ ಕಾಣುತ್ತದೆ. (ಹೊಗೆ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬುದು ಇನ್ನೊಂದು ನಂಬಿಕೆ. ಕೆಮ್ಮು ಬರಿಸುತ್ತದೆ, ಅಷ್ಟೇ.) ಒಂದೇ ಬಾಗಿಲಿನ ಒಳಗುಡಿಯಂಥ ಕೋಣೆಗೆ ಯಾವ ಉಪಾಯವೂ ಇಲ್ಲ. ಅಲ್ಲಿಗೆ ಸೇವೆ ಮಾಡುವ ಒಬ್ಬರು ಮಾತ್ರ ಹೋಗಲಿ, ಉಳಿದವರು ಹೊರಗಿನಿಂದ ನೋಡಲಿ.

ಅಳೆಯಬೇಕೆಂದರೆ ಕಾರ್ಬನ್ ಡೈಆಕ್ಸೈಡ್ ಮೀಟರ್ ತನ್ನಿ. ನಾವು ಉಸಿರಿನಲ್ಲಿ ಬಿಡುವ ಅನಿಲ ಅದು, ಒಳಗೆ ಹೆಚ್ಚಿದಷ್ಟೂ ಇತರರ ಉಸಿರು ಹೊರಗೆ ಹೋಗದೆ ಉಳಿದಿದೆ ಎಂದರ್ಥ. ಹೊರಗೆ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420) ತೋರಿಸಬೇಕು. ಜನ ಕೂತು ಅರ್ಧ ಗಂಟೆಯಾದ ಮೇಲೂ ಒಳಗೆ 800ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. 1,000 ದಾಟಿದರೆ ಜನ ಕಡಿಮೆಯಾಗಬೇಕು ಇಲ್ಲವೇ ಕಿಟಕಿ ಹೆಚ್ಚಾಗಬೇಕು. ಮೀಟರನ್ನು ಕೂತವರ ಮೂಗಿನ ಎತ್ತರದಲ್ಲಿ, ಕಿಟಕಿಯಿಂದಲೂ ಜನರಿಂದಲೂ ದೂರ ಇಡಿ. ದೀಪಗಳಿರುವ ಕಡೆ ಈ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಉರಿಯುವ ಬತ್ತಿಯೂ ಅದೇ ಅನಿಲವನ್ನು ಬಿಡುತ್ತದೆ. ದೀಪ ಹಚ್ಚುವ ಮೊದಲೇ ಅಳೆದುಕೊಳ್ಳಿ. ಕೊಳ್ಳುವಾಗ ಎನ್‌ಡಿಐಆರ್ ಸಂವೇದಕ (ಅವಕೆಂಪು ಬೆಳಕಿನಿಂದ ಆ ಅನಿಲವನ್ನೇ ಅಳೆಯುವಂಥದ್ದು) ಇದೆಯೇ ನೋಡಿ. ಅಗ್ಗದ ಕೆಲವು ಮೀಟರ್‌ಗಳು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ, ಬೇರೆ ಆವಿಗಳನ್ನು ನೋಡಿ ಊಹಿಸುತ್ತವೆ. ಸ್ಯಾನಿಟೈಸರ್ ಬಾಟಲಿ ತೆರೆದರೆ ಸಾಕು, ಅವುಗಳ ಅಂಕಿ ಮೇಲಕ್ಕೆ ಜಿಗಿಯುತ್ತದೆ.

ಕಿಟಕಿ ತೆರೆಯಲು ಬಾರದ ಕಡೆ ಗಾಳಿ ಸೋಸಿ. ರಿಚರ್ಡ್ ಕೋರ್ಸಿ, ಜಿಮ್ ರೋಸೆಂತಾಲ್ ಎಂಬಿಬ್ಬರ ಹೆಸರಿನ ಪೆಟ್ಟಿಗೆ 2020ರಲ್ಲಿ ಹುಟ್ಟಿದ್ದೇ ಇಂಥ ಜಾಗಗಳಿಗಾಗಿ: ಚೌಕದ ಫ್ಯಾನ್ ಒಂದು, ಸಣ್ಣ ಕಣಗಳನ್ನೂ ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ನಾಲ್ಕು, ತಳಕ್ಕೆ ರಟ್ಟು, ಸಂದಿಗಳಿಗೆ ಟೇಪು. ಫಿಲ್ಟರ್ ಮೇಲಿನ ಬಾಣದ ಗುರುತು ಪೆಟ್ಟಿಗೆಯ ಒಳಮುಖವಾಗಿ, ಫ್ಯಾನು ಗಾಳಿಯನ್ನು ಮೇಲಕ್ಕೆ ಊದುವಂತೆ. ಟೇಪು ಬಿಟ್ಟ ಸಂದಿಯಲ್ಲಿ ಗಾಳಿ ಸೋಸದೆ ನುಸುಳುತ್ತದೆ; ಇದರಲ್ಲಿ ಕೆಡುವುದೇ ಅದು.

ಎರಡು ಪಾಳಿಗಳ ನಡುವೆ ಎಷ್ಟು ಬಿಡುವು? 3ನ್ನು ಗಂಟೆಗೆ ಗಾಳಿ ಎಷ್ಟು ಸಲ ಬದಲಾಗುತ್ತದೋ ಆ ಸಂಖ್ಯೆಯಿಂದ ಭಾಗಿಸಿ. ಹಳೆಯ ಗಾಳಿಯ ಶೇ. 95 ಹೋಗಲು ಅಷ್ಟು ಗಂಟೆ ಬೇಕು. 3.6 ಸಲ ಬದಲಾದರೆ 50 ನಿಮಿಷ. ಒಂದೇ ಸಲ ಬದಲಾಗುವ ಮುಚ್ಚಿದ ಸಭಾಂಗಣಕ್ಕೆ ಮೂರು ಗಂಟೆ. ಹತ್ತು ನಿಮಿಷದ ಬಿಡುವಿನಲ್ಲಿ ಬೆಂಚು ಒರೆಸಿ ಮುಂದಿನ ಪಾಳಿಯನ್ನು ಒಳಗೆ ಬಿಡುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಸಮೂಹ ಗಾಯನ ಒಳಗೆ ಬೇಡ. ದನಿ ಏರಿದಷ್ಟೂ ಹನಿ ಹೆಚ್ಚು. ಮೈಕ್ ಇರುವುದೇ ಮೆಲ್ಲಗೆ ಮಾತಾಡಲು, ಆದರೆ ಅದೇ ಮೈಕನ್ನು ಕೈಯಿಂದ ಕೈಗೆ ದಾಟಿಸಬೇಡಿ. ಒಂದು ಗಂಟೆಯ ಕಾರ್ಯಕ್ರಮವನ್ನು ಇಪ್ಪತ್ತು ನಿಮಿಷಕ್ಕಿಳಿಸಿದರೆ ಒಳಗೆಳೆದ ಸೋಂಕೂ ಮೂರನೇ ಒಂದಕ್ಕೆ ಇಳಿಯುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಅಂಗಳ ಇದ್ದರೆ ಇಷ್ಟು ಲೆಕ್ಕವೂ ಬೇಡ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚರ್ಚುಗಳು ಮೆಟ್ಟಿಲ ಮೇಲೆ, ಬಯಲಲ್ಲಿ ಪ್ರಾರ್ಥನೆ ನಡೆಸಿದ್ದವು. ಜ್ವರದ ಗನ್ನಿನ ಬಗ್ಗೆ ಒಂದೇ ಮಾತು: ಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕಿತ ಹರಡಲು ಶುರುಮಾಡಿರುತ್ತಾನೆ, ಗನ್ನಿಗೆ ಅದು ಕಾಣುವುದಿಲ್ಲ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಇಷ್ಟು ದಿನ ನಿಂತ ನೀರಿನ ಗತಿ ಏನು? ವೈರಸ್ ಬೀಗ ಹಾಕಿದ ಕಟ್ಟಡದಲ್ಲಿ ಸಾಯುತ್ತದೆ, ಆದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಅಲ್ಲೇ ಬೆಳೆಯುತ್ತದೆ. ಕ್ಲೋರಿನ್ ಆರಿಹೋದ, 25ರಿಂದ 45 ಡಿಗ್ರಿ ಬೆಚ್ಚಗಿರುವ, ಅಲುಗದ ನೀರು ಅದಕ್ಕೆ ಪ್ರಿಯ. ಆ ನೀರು ತುಂತುರಾಗಿ ಉಸಿರಿಗೆ ಸೇರಿದರೆ ನ್ಯುಮೋನಿಯಾ. ಕೈಕಾಲು ತೊಳೆಯುವ ನಲ್ಲಿಗಳ ಸಾಲು, ಕಾರಂಜಿ, ನೀರಿನ ಕೂಲರ್‌ಗಳನ್ನು ಮೊದಲ ದಿನ ಜನರೆದುರು ಚಾಲೂ ಮಾಡಬೇಡಿ. ಮೇಲಿನ ತೊಟ್ಟಿ ಖಾಲಿ ಮಾಡಿ, ಉಜ್ಜಿ, ಹೊಸ ನೀರು ತುಂಬಿಸಿ. ಆಮೇಲೆ ತೊಟ್ಟಿಗೆ ಹತ್ತಿರದ ನಲ್ಲಿಯಿಂದ ಶುರುಮಾಡಿ ದೂರದ್ದರವರೆಗೆ ಒಂದೊಂದಾಗಿ, ಪೈಪಿನ ಹಳೆಯ ನೀರೆಲ್ಲ ಹೋಗಿ ಹೊಸದು ಬರುವವರೆಗೆ ಹರಿಸಿ. ತುಂತುರು ಏಳದಂತೆ ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಸಣ್ಣಗೆ ಬಿಡಿ. ಹರಿಸುವವರು ಮಾಸ್ಕ್ ಹಾಕಿರಲಿ, ಕಿಟಕಿ ತೆರೆದಿರಲಿ.

ಬಚ್ಚಲು, ಶೌಚಾಲಯದ ನೆಲದ ಜಾಲರಿಯಡಿ ಬಾಗಿದ ಟ್ರ್ಯಾಪ್ ಒಂದಿರುತ್ತದೆ. ಅದರಲ್ಲಿ ನಿಂತ ನೀರೇ ಚರಂಡಿಯ ಗಾಳಿಗೆ ಬಿರಡೆ. ತಿಂಗಳುಗಟ್ಟಲೆ ಬಳಸದಿದ್ದರೆ ಆ ನೀರು ಆವಿಯಾಗುತ್ತದೆ, ಎಕ್ಸಾಸ್ಟ್ ಫ್ಯಾನ್ ಹಾಕಿದ ಕೂಡಲೇ ಚರಂಡಿಯ ಗಾಳಿ ಒಳಗೆ ಬರುತ್ತದೆ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿದ್ದರ ತನಿಖೆಯಲ್ಲಿ ಬೆರಳು ತೋರಿದ್ದು ಹೀಗೆ ಒಣಗಿದ ಟ್ರ್ಯಾಪ್‌ಗಳ ಕಡೆಗೇ. ಫ್ಯಾನ್ ಹಾಕುವ ಮೊದಲು ಪ್ರತಿ ಜಾಲರಿಗೂ ಒಂದು ಲೀಟರ್ ನೀರು ಸುರಿಯಿರಿ. ಅಪರೂಪಕ್ಕೆ ಬಳಸುವ ಬಚ್ಚಲಾದರೆ ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ.