ಸ್ಕೀ ಕಲಿಸುವವರ ಕಣ್ಣು ಎಲ್ಲಿರಬೇಕು?

ಗುಲ್ಮಾರ್ಗ್‌ಗೆ ಹೊರಡುವ ಮುನ್ನ ಬೆಂಗಳೂರಿನಿಂದ ಫೋನ್ ಮಾಡುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: ಇನ್‌ಸ್ಟ್ರಕ್ಟರ್ ಎಷ್ಟು ಚೆನ್ನಾಗಿ ಸ್ಕೀ ಮಾಡುತ್ತಾರೆ, ವಿಡಿಯೊ ಇದೆಯೇ? ಅಫರ್ವತ್ ಬೆಟ್ಟದಿಂದ ಹಿಮ ಚಿಮ್ಮಿಸುತ್ತ ಇಳಿಯುವ ದೃಶ್ಯ ನೋಡಲು ಸೊಗಸು. ಆದರೆ ಅವರಿಗೆ ಕಲಿಸಲು ಬರುತ್ತದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಅವರು ಬೇರೊಬ್ಬರಿಗೆ ಪಾಠ ಹೇಳುವಾಗ ಬದಿಯಲ್ಲಿ ನಿಂತು ಹತ್ತು ನಿಮಿಷ ನೋಡಿ. ಅವರ ಕಣ್ಣು ವಿದ್ಯಾರ್ಥಿಯ ಕಾಲು, ಸೊಂಟ, ಮುಖದ ಮೇಲೆ ಓಡಾಡುತ್ತಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ ಎಂದರ್ಥ.

ಮೊದಲ ಸಲ ಸ್ಕೀ ಕಟ್ಟಿಕೊಂಡವರು ಇಳಿಜಾರು ಕಂಡೊಡನೆ ಹಿಂದಕ್ಕೆ ವಾಲುತ್ತಾರೆ. ಭಯವಾದಾಗ ದೇಹ ಮಾಡುವುದೇ ಹಾಗೆ. ಸ್ಕೀ ಮೇಲೆ ಅದು ತೊಂದರೆ ತರುತ್ತದೆ. ಭಾರ ಹಿಮ್ಮಡಿಗೆ ಹೋದರೆ ಸ್ಕೀಯ ಮುಂಭಾಗ ಹಗುರಾಗುತ್ತದೆ, ತಿರುಗಿಸಿದರೆ ತಿರುಗುವುದಿಲ್ಲ, ವೇಗ ಏರುತ್ತದೆ. ಭಯ ಹೆಚ್ಚಾಗಿ ಇನ್ನಷ್ಟು ವಾಲುತ್ತಾರೆ. ಇಲ್ಲಿ ಬಹಳಷ್ಟು ಇನ್‌ಸ್ಟ್ರಕ್ಟರ್‌ಗಳು 'ಮುಂದೆ ಬಾಗಿ, ಮುಂದೆ ಬಾಗಿ' ಎಂದು ಕೂಗುತ್ತಾರೆ. ಪಾಪ, ವಿದ್ಯಾರ್ಥಿ ಸೊಂಟ ಬಗ್ಗಿಸುತ್ತಾರೆ. ಎದೆ ಮುಂದೆ ಬಂದಷ್ಟೂ ಹಿಂಭಾಗ ಹಿಂದಕ್ಕೆ ಚಾಚಿಕೊಳ್ಳುತ್ತದೆ, ಭಾರ ಮಾತ್ರ ಇದ್ದಲ್ಲೇ ಇರುತ್ತದೆ. ಕಲಿಸಲು ಬಲ್ಲವರು ಹೇಳುವುದು ಒಂದೇ ಮಾತು: 'ಮಂಡಿಯ ಕೆಳಗೆ ಕಾಲಿನ ಮುಂಭಾಗದಲ್ಲಿರುವ ಮೂಳೆಯಿಂದ ಬೂಟಿನ ನಾಲಿಗೆಯನ್ನು ಒತ್ತಿ.' ಅದೂ ಕೆಲಸ ಮಾಡದಿದ್ದರೆ ಮಾತು ನಿಲ್ಲಿಸಿ ಇನ್ನೂ ಸಮತಟ್ಟಾದ ಜಾಗಕ್ಕೆ ಕರೆದೊಯ್ಯುತ್ತಾರೆ. ಇಳಿಜಾರು ಮುಗಿದು ನೆಲ ತುಸು ಮೇಲೇರುವ ಜಾಗವಾದರೆ ಸ್ಕೀ ತಾನಾಗಿಯೇ ನಿಲ್ಲುತ್ತದೆ. ನಿಲ್ಲುತ್ತೇನೆ ಎಂಬ ಧೈರ್ಯ ಬಂದವರು ಹೇಳದೆಯೇ ನೆಟ್ಟಗೆ ನಿಲ್ಲುವುದನ್ನು ನಾನು ಪ್ರತಿ ಚಳಿಗಾಲದಲ್ಲೂ ನೋಡುತ್ತೇನೆ.

ಕೆಲವೊಮ್ಮೆ ಕಾರಣ ಭಯವೂ ಆಗಿರುವುದಿಲ್ಲ, ಬೂಟು ಆಗಿರುತ್ತದೆ. ಬಾಡಿಗೆ ಅಂಗಡಿಯಲ್ಲಿ ಆರಾಮವಾಗಿದೆ ಎಂದು ದೊಡ್ಡ ಅಳತೆಯದನ್ನು ತೆಗೆದುಕೊಂಡಿರುತ್ತಾರೆ. ಚಳಿಗೆಂದು ಎರಡು ಜೊತೆ ಕಾಲುಚೀಲ, ಅದರ ಮೇಲೆ ಥರ್ಮಲ್ ಪ್ಯಾಂಟನ್ನೂ ಬೂಟಿನೊಳಗೆ ತುರುಕಿರುತ್ತಾರೆ. ಕಾಲು ತಿರುಗಿದರೂ ಸ್ಕೀ ತಿರುಗುವುದಿಲ್ಲ, ಮೇಲಾಗಿ ರಕ್ತ ಸಂಚಾರ ಕಡಿಮೆಯಾಗಿ ಬೆರಳು ಮರಗಟ್ಟುತ್ತದೆ. ಒಂದು ಜೊತೆ ತೆಳುವಾದ ಉದ್ದ ಕಾಲುಚೀಲ ಸಾಕು. ಪಾಠ ಶುರುವಾಗುವ ಮೊದಲು ಮಂಡಿಯೂರಿ ಕುಳಿತು ನಿಮ್ಮ ಬೂಟಿನ ಬಕಲ್ ಪರೀಕ್ಷಿಸುವವರನ್ನು, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹೊಂದಿಸುವಾಗ ನಿಮ್ಮ ತೂಕ, ಎತ್ತರ, ವಯಸ್ಸು ಕೇಳುವವರನ್ನು ನಂಬಿ. ಬಿದ್ದಾಗ ಸ್ಕೀ ಕಳಚಿಕೊಳ್ಳದಿದ್ದರೆ ತಿರುಚಿಕೊಳ್ಳುವುದು ಮಂಡಿ.

ಅಮೆರಿಕದಲ್ಲಿ 1961ರಲ್ಲಿ ಹುಟ್ಟಿದ ಸ್ಕೀ ಇನ್‌ಸ್ಟ್ರಕ್ಟರ್‌ಗಳ ಸಂಘ ಇಂದು ತನ್ನ ಸದಸ್ಯರನ್ನು ತೂಗುವುದು ಮೂರು ವಿಷಯಗಳಲ್ಲಿ: ಸ್ಕೀ ತಂತ್ರ, ಬೋಧನೆ, ಜನರೊಂದಿಗಿನ ನಡವಳಿಕೆ. ಮೂರನೆಯದನ್ನು ನಮ್ಮಲ್ಲಿ ಕಡೆಗಣಿಸುತ್ತೇವೆ ಎಂಬುದು ನನ್ನ ಕೊರಗು. ಅದು ಸಣ್ಣ ಸಣ್ಣ ವಿಷಯಗಳಲ್ಲೇ ಕಾಣುತ್ತದೆ. ಗುಂಪಿಗೆ ಮಾತು ಹೇಳುವಾಗ ಬಿಸಿಲು ತನ್ನ ಮುಖಕ್ಕೆ ಬೀಳುವಂತೆ ನಿಲ್ಲುವುದು, ಗಾಗಲ್ಸ್ ಮೇಲೇರಿಸಿ ಕಣ್ಣು ಕಾಣಿಸುವುದು, ಮೇಲಿನಿಂದ ಇಳಿದು ಬರುವವರಿಗೆ ಕಾಣದಂತೆ ಏರು ಮರೆ ಮಾಡುವ ಜಾಗದಲ್ಲಿ ಗುಂಪನ್ನು ನಿಲ್ಲಿಸದಿರುವುದು. ಮಕ್ಕಳ ಜೊತೆ ಇದರ ಅಗತ್ಯ ಇನ್ನೂ ಹೆಚ್ಚು. ಆರು ವರ್ಷದ ಮಗುವಿಗೆ ಭಾರ, ಅಂಚು ಎಂದರೆ ಏನು ತಿಳಿದೀತು? ಸ್ಕೀಯ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನವನ್ನು ಅಗಲಿಸಿ, ತುಂಡು 'ಪಿಜ್ಜಾ' ಮಾಡು ಎಂದರೆ ನಗುತ್ತ ನಿಲ್ಲಿಸಿಬಿಡುತ್ತದೆ.

ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಜಾರುವ ಸ್ನೋಬೋರ್ಡ್ ಕಲಿಸುವವರಾದರೆ ಮೊದಲ ಅರ್ಧ ಗಂಟೆ ಬೀಳುವುದನ್ನೇ ಕಲಿಸಬೇಕು. ಹೊಸಬರಿಗೆ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೆ, ಅಂಗೈ ಊರಿ ಬೀಳುವುದರಿಂದ. ಮುಷ್ಟಿ ಬಿಗಿದು, ಮುಂದೆ ಬಿದ್ದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈ ಮೇಲೆ, ಹಿಂದೆ ಬಿದ್ದರೆ ಕುಂಡೆಯ ಮೇಲೆ ಬೀಳಬೇಕು. ಈ ಪಾಠ ಬಿಟ್ಟು ನೇರ ಇಳಿಜಾರಿಗೆ ಕರೆದೊಯ್ಯುವವರ ಜೊತೆ ಹೋಗಬೇಡಿ.

ಇನ್ನು, ಬೇಡ ಎನ್ನುವ ಧೈರ್ಯ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಬಯಲು ಸೀಮೆಯಿಂದ ಬಂದವರು ಮಧ್ಯಾಹ್ನದ ಹೊತ್ತಿಗೆ ಸೋತಿರುತ್ತಾರೆ, ತೊಡೆ ನಡುಗುತ್ತಿರುತ್ತದೆ. 'ಕೊನೆಯದೊಂದು ರೌಂಡ್' ಎಂಬ ಆಸೆ ಮಾತ್ರ ಸೋತಿರುವುದಿಲ್ಲ. ದಣಿದ ಕಾಲು ಸ್ಕೀಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಾರದು. ಆಗ ಸ್ಕೀ ಬಿಚ್ಚಿಸುವ ಇನ್‌ಸ್ಟ್ರಕ್ಟರ್ ನಿಮ್ಮ ಹಣಕ್ಕೆ ಮೋಸ ಮಾಡುತ್ತಿಲ್ಲ. ಮೂರು ದಿನ ಕಲಿತವರು ಗೊಂಡೊಲಾದ (ಬೆಟ್ಟ ಹತ್ತಿಸುವ ಕೇಬಲ್ ಕಾರ್) ಎರಡನೇ ಹಂತಕ್ಕೆ, 3,900 ಮೀಟರ್‌ಗೂ ಮೇಲೆ, ಕರೆದೊಯ್ಯಿರಿ ಎಂದು ಹಟ ಹಿಡಿದಾಗಲೂ ಅದೇ ಉತ್ತರ ಬರಬೇಕು. ಅಲ್ಲಿನ ಹಿಮ ಸ್ಕೀ ಕೌಶಲವನ್ನೂ ಲೆಕ್ಕಿಸುವುದಿಲ್ಲ. 2023ರ ಫೆಬ್ರವರಿ 1ರಂದು ಅಫರ್ವತ್ ಇಳಿಜಾರಿನ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ಹಿಮಕುಸಿತದ ಬಗ್ಗೆ ಗಸ್ತು ತಂಡದ ಆ ದಿನದ ಸೂಚನೆ ಓದದೆ ಮೇಲೆ ಹೊರಡುವವರು ಎಷ್ಟೇ ಪ್ರಸಿದ್ಧರಾಗಿರಲಿ, ಅವರ ಹಿಂದೆ ಹೋಗಬೇಡಿ.

ಹಾಗಾಗಿ ಬುಕ್ ಮಾಡುವಾಗ ಒಂದು ಗುಂಪಿನಲ್ಲಿ ಎಷ್ಟು ಜನ, ನನ್ನ ಮಟ್ಟದವರೇ ಇರುತ್ತಾರೆಯೇ ಎಂದು ಕೇಳಿ. ನಿಮ್ಮ ವಯಸ್ಸು, ಮಂಡಿ ನೋವು, ಹಿಂದೆ ಬಿದ್ದ ನೆನಪು ಇವನ್ನೆಲ್ಲ ಅವರು ನಿಮ್ಮನ್ನೇ ತಿರುಗಿ ಕೇಳಿದರೆ ಮುಂಗಡ ಕೊಡಬಹುದು.