ಲ್ಯಾಬಿನ ಚಾರ್ಜು ಯಾರ ಹೆಸರಲ್ಲಿದೆ?

ತರಬೇತಿಗೆ ಅಂತ ಯಾವ ಪ್ರೌಢಶಾಲೆಗೆ ಹೋದರೂ ನಾನು ಮೊದಲು ಕೇಳುವುದು ಕಂಪ್ಯೂಟರ್ ಎಷ್ಟಿವೆ ಅಂತಲ್ಲ, ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ. "ಎಚ್.ಎಂ. ಹತ್ರ ಇದೆ ಸರ್, ಅವರು ಮೀಟಿಂಗಿಗೆ ಹೋಗಿದ್ದಾರೆ" ಅಂದರೆ ಆ ಶಾಲೆಯ ಅರ್ಧ ಕಥೆ ಗೊತ್ತಾದ ಹಾಗೆಯೇ.

ನಾನು ಗಣಿತದ ಮೇಷ್ಟ್ರು. ಪಾಠದ ಜೊತೆಗೆ ಸಂಪನ್ಮೂಲ ವ್ಯಕ್ತಿಯಾಗಿ ಬೇರೆ ಶಾಲೆಗಳ ಶಿಕ್ಷಕರಿಗೆ ಕಂಪ್ಯೂಟರ್ ಕಲಿಸುತ್ತೇನೆ. ಡಿಜಿಟಲ್ ಅಸಮಾನತೆ ಅಂದ ಕೂಡಲೇ ಎಲ್ಲರೂ ಲೆಕ್ಕ ಹೇಳುತ್ತಾರೆ. ಲೆಕ್ಕ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ಶಾಲಾ ಅಂಕಿಅಂಶವಾದ ಯುಡೈಸ್ ಪ್ಲಸ್ ಪ್ರಕಾರ 2023-24ರಲ್ಲಿ ದೇಶದ ಶೇ 57.2 ಶಾಲೆಗಳಲ್ಲಿ ಕಂಪ್ಯೂಟರ್ ಇತ್ತು, 2024-25ರಲ್ಲಿ ಅದು ಶೇ 64.7ಕ್ಕೆ ಏರಿತು. ಇಂಟರ್ನೆಟ್ ಶೇ 53.9ರಿಂದ 63.5 ಆಯಿತು. ಒಳ್ಳೆಯದೇ. ಆದರೆ ಬಟ್ಟೆಯ ಕವರ್ ಹೊಲಿಸಿ ಹೊದಿಸಿ, ಸರಸ್ವತಿ ಪೂಜೆಗೆ ಮಾತ್ರ ಕುಂಕುಮ ಹಚ್ಚುವ ಕಂಪ್ಯೂಟರ್ ಕೂಡ ಈ ಲೆಕ್ಕದಲ್ಲಿ ಒಂದು ಕಂಪ್ಯೂಟರೇ.

ಯಾಕೆ ಮುಚ್ಚಿಡುತ್ತಾರೆ? ಶಿಕ್ಷಕರಿಗೆ ಆಸಕ್ತಿ ಇಲ್ಲ ಅಂತ ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಕಂಡದ್ದು ಬೇರೆ. ಸರ್ಕಾರಿ ಶಾಲೆಯಲ್ಲಿ ಪ್ರತಿ ವಸ್ತುವೂ ದಾಸ್ತಾನು ವಹಿಯಲ್ಲಿರುತ್ತದೆ, ಅದರ ಚಾರ್ಜು, ಅಂದರೆ ಹೊಣೆ, ಒಬ್ಬರ ಹೆಸರಿನಲ್ಲಿರುತ್ತದೆ. ವರ್ಗಾವಣೆ ಆದಾಗ, ನಿವೃತ್ತಿ ಆದಾಗ ಎಣಿಸಿ ಒಪ್ಪಿಸಬೇಕು. ಒಂದು ಬ್ಯಾಟರಿ ಕಡಿಮೆ ಬಿದ್ದರೂ ಪತ್ರ, ಸಮಜಾಯಿಷಿ, ಓಡಾಟ. ಹಾಗಾಗಿ ಮುಟ್ಟದೇ ಇರುವುದೇ ಜಾಣತನ ಅನ್ನಿಸುತ್ತದೆ. ಪ್ರೊಜೆಕ್ಟರ್ ಬಳಸದಿದ್ದರೆ ಯಾರೂ ನೋಟಿಸ್ ಕೊಡುವುದಿಲ್ಲ, ಹಾಳಾದರೆ ಕೊಡುತ್ತಾರೆ. ನೀವಿದ್ದರೂ ಇದನ್ನೇ ಮಾಡುತ್ತಿದ್ದಿರಿ, ಅಲ್ವಾ?

ಒಂದು ತರಬೇತಿಯಲ್ಲಿ ಸಮಾಜ ವಿಜ್ಞಾನದ ಮೇಡಂ ಒಬ್ಬರಿದ್ದರು. ನಿವೃತ್ತಿಗೆ ಮೂರು ವರ್ಷ. ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲತಾಣ ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ ತುಂಬುವುದರಲ್ಲಿ ಇಡೀ ಕ್ಲಸ್ಟರಿಗೆ (ಸುತ್ತಲಿನ ಶಾಲೆಗಳ ಗುಂಪಿಗೆ) ಅವರೇ ಮುಂದು. ಲ್ಯಾಬಿನಲ್ಲಿ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದರು. "ನಂಗೆ ಕಂಪ್ಯೂಟರ್ ಬರಲ್ಲ ಸರ್, ಏನಾದ್ರೂ ಆದ್ರೆ ನನ್ ತಲೆ ಮೇಲೆ ಬರುತ್ತೆ." ಇಲಾಖೆಗೆ ಮಾಹಿತಿ ಕಳಿಸುವ ಕೆಲಸಕ್ಕೆ ತಂತ್ರಜ್ಞಾನ ಬರುತ್ತದೆ, ಪಾಠ ಮಾಡುವುದಕ್ಕೆ ಬರುವುದಿಲ್ಲ! ಮೊದಲನೆಯದು ಕಡ್ಡಾಯ. ಎರಡನೆಯದನ್ನು ಯಾರೂ ಕೇಳಲೇ ಇಲ್ಲ.

ಕಂಪ್ಯೂಟರ್ ಬಳಸಿ ಪಾಠ ಮಾಡಲು ಶಿಕ್ಷಕರಿಗೆ ಕಲಿಸುವ ರಾಜ್ಯದ ಟಾಲ್ಪ್ ಯೋಜನೆಯಲ್ಲಿ, ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಹತ್ತು ದಿನದ ಇಂಡಕ್ಷನ್ ತರಬೇತಿ ನಡೆಯುತ್ತಿತ್ತು. ಚೆನ್ನಾಗಿಯೇ ಇತ್ತು. ತೊಡಕು ಹನ್ನೊಂದನೇ ದಿನಕ್ಕೆ. ಅಲ್ಲಿ ಎಲ್ಲ ಯಂತ್ರವೂ ಆನ್ ಆಗುತ್ತದೆ. ತಮ್ಮ ಶಾಲೆಗೆ ಬಂದರೆ ಹತ್ತರಲ್ಲಿ ಮೂರು ಆನ್ ಆಗುತ್ತವೆ, ಯುಪಿಎಸ್ ಕುಂಯ್ ಅನ್ನುತ್ತದೆ, ಕೇಬಲ್ಲನ್ನು ಇಲಿ ಕಡಿದಿರುತ್ತದೆ. ಕೇಳೋಣ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ. 2020ರಲ್ಲಿ ಕೇಂದ್ರದ ಶಿಕ್ಷಕರ ತರಬೇತಿಯಾದ ನಿಷ್ಠಾ, ದೀಕ್ಷಾ ಎಂಬ ಕಲಿಕಾ ಜಾಲತಾಣದ ಮೂಲಕ ಆನ್‌ಲೈನ್ ಆದಾಗಿನ ಅನುಭವ ಇನ್ನೂ ಮಜಾ. ವಿಡಿಯೋ ಒಂದು ಕಡೆ ಓಡುತ್ತಿತ್ತು, ಅಡುಗೆ ಮನೆಯಲ್ಲಿ ಸಾರು ಕುದಿಯುತ್ತಿತ್ತು, ಕ್ವಿಜ್‌ನ ಉತ್ತರ ವಾಟ್ಸಾಪ್ ಗುಂಪಿನಲ್ಲಿ ಬರುತ್ತಿತ್ತು. ಹೊಸ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ತರಬೇತಿ ಅನ್ನುತ್ತದೆ. ಈ ರೀತಿಯ ಗಂಟೆ ಎಷ್ಟು ಬೇಕಾದರೂ ತುಂಬಬಹುದು.

ನಾನು ಈಗ ಮೊದಲ ದಿನ ಎರಡೇ ಕೆಲಸ ಮಾಡಿಸುತ್ತೇನೆ. ಒಂದು, ಮೇನ್ ಸ್ವಿಚ್ ಆರಿಸಿ ಹಿಂದಿನ ವೈರನ್ನೆಲ್ಲ ಕೀಳಿಸಿ, ಮತ್ತೆ ಅವರ ಕೈಯಲ್ಲೇ ಹಾಕಿಸುವುದು. ವೈರಿನ ತುದಿಯ ಆಕಾರವೇ ಅದರ ಜಾಗ ಹೇಳುತ್ತದೆ, ತಪ್ಪು ಜಾಗಕ್ಕೆ ಅದು ಸುಮ್ನೆ ಹೋಗುವುದಿಲ್ಲ. ಇದನ್ನು ಕಂಡಾಗ ಅರ್ಧ ಭಯ ಇಳಿಯುತ್ತದೆ.

ಇನ್ನೊಂದು ಕನ್ನಡ ಟೈಪಿಂಗ್. ಹಳೆಯ ನುಡಿ ಫಾಂಟಿನಲ್ಲಿ ಪ್ರಶ್ನೆಪತ್ರಿಕೆ ಮಾಡಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು ಕಾಣುತ್ತವೆ. "ವೈರಸ್ ಬಂದಿದೆ ಸರ್" ಅನ್ನುತ್ತಾರೆ. ವೈರಸ್ ಅಲ್ಲ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತದೆ. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಕ್ಕೆ ಅದರದೇ ಸಂಖ್ಯೆ ಇದೆ, ಎಲ್ಲಿ ತೆರೆದರೂ ಕನ್ನಡವೇ. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಸರಿ ಮಾಡಬಹುದು. ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಕನ್ನಡ ಮೇಷ್ಟ್ರುಗಳು ಹತ್ತು ವರ್ಷದ ಪ್ರಶ್ನೆಪತ್ರಿಕೆ ಮರಳಿ ಸಿಕ್ಕ ಖುಷಿಯಲ್ಲಿ ಊಟಕ್ಕೂ ಏಳುವುದಿಲ್ಲ. ಗಣಿತ ಕಲಿಸುವ ಜಿಯೋಜೀಬ್ರಾ, ವಿಜ್ಞಾನದ ಪ್ರಯೋಗ ತೋರಿಸುವ ಫೆಟ್ ಅಂಥ ತಂತ್ರಾಂಶಗಳೆಲ್ಲ ಆಮೇಲೆ.

ಶಿಕ್ಷಕರು ಕಲಿಯದಿದ್ದರೆ ಮಕ್ಕಳಿಗೇನು ನಷ್ಟ, ಮೊಬೈಲ್ ಇದೆಯಲ್ಲ ಅನ್ನುವವರಿದ್ದಾರೆ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಲ್ಲಿ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಓದಿಕೊಂಡ ಅಪ್ಪ ಅಮ್ಮ ಇರುವ ಮನೆಯಲ್ಲಿ ದಾರಿ ತೋರಿಸಲು ಯಾರಾದರೂ ಇರುತ್ತಾರೆ. ಇಲ್ಲದವರಿಗೆ ಶಾಲೆಯೊಂದೇ ಗತಿ.

ಪಕ್ಕದ ಕೇರಳ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆ ತರುವ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿದ್ದು 2001ರಲ್ಲಿ. ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿದರು, ಶಾಲೆಯೊಳಗೇ ಒಬ್ಬರಿಗೆ ಐಟಿ ಜವಾಬ್ದಾರಿ ಕೊಟ್ಟರು. ಕೇಳಲು ಪಕ್ಕದಲ್ಲಿ ಒಬ್ಬರಿರಬೇಕು ಅಂತ ನಾನು ಹೇಳುತ್ತಿರುವುದೂ ಇದನ್ನೇ.

ಜೊತೆಗೆ ಮೌಸ್, ಕೀಬೋರ್ಡುಗಳನ್ನು ಸೀಮೆಸುಣ್ಣದ ಹಾಗೆ ಖರ್ಚಾಗುವ ಸಾಮಾನು ಅಂತ ಬರೆದುಕೊಳ್ಳಲು ಬಿಡಬೇಕು. ಸೀಮೆಸುಣ್ಣ ಸವೆದರೆ ಯಾರೂ ಲೆಕ್ಕ ಕೇಳುವುದಿಲ್ಲವಲ್ಲ. ನನಗೆ ಗೊತ್ತಿರುವ ಒಬ್ಬ ಎಚ್.ಎಂ. ಲ್ಯಾಬಿನ ಬೀಗದ ಕೈಯನ್ನು ಸ್ಟಾಫ್ ರೂಮಿನ ಬಾಗಿಲ ಮೊಳೆಗೆ ನೇತುಹಾಕಿ, ಪಕ್ಕದಲ್ಲಿ ಒಂದು ನೋಟ್ ಬುಕ್ ಇಟ್ಟರು. ಬಳಸಿದವರು ತಾರೀಕು, ತರಗತಿ ಬರೆಯಬೇಕು, ಅಷ್ಟೇ. ಒಂದು ವರ್ಷದಲ್ಲಿ ಎರಡು ಮೌಸ್ ಹೋದವು, ಒಂದು ಕೀಬೋರ್ಡಿನ ಮೇಲೆ ಟೀ ಬಿತ್ತು. ಟೀ ಚೆಲ್ಲಿದ್ದು ಎಚ್.ಎಂ. ಅವರೇ.