ಚೀಟಿ ಸಿಕ್ತು, ಹಲ್ಲು ಹಾಗೇ ಇದೆ: ಹಾಡಿ ಮಕ್ಕಳ ಹುಳುಕು ಹಲ್ಲಿನ ಹಿನ್ನೆಲೆ

ಹೋದ ಸಲ ಕಾಫಿ ಕುಯ್ಯೋ ಟೈಮಲ್ಲಿ ಕೊಡಗಿನ ತಿತಿಮತಿ ಕಡೆ ಒಂದು ಲೈನ್ ಮನೆ (ತೋಟದ ಕೂಲಿಯವರು ಇರೋ ಸಾಲು ಮನೆ) ಮುಂದೆ ಕೂತಿದ್ದಾಗ ನಾಲ್ಕನೇ ಕ್ಲಾಸಿನ ಹುಡುಗಿ ಒಬ್ಳು ಜಾಮಿಟ್ರಿ ಬಾಕ್ಸಿಂದ ನಾಲ್ಕು ಮಡಿಕೆ ಹಾಕಿದ ಚೀಟಿ ತೆಗೆದು ತೋರಿಸಿದ್ಲು. ಶಾಲೆಗೆ ಬಂದ ಡಾಕ್ಟರ್ ಬರ್ಕೊಟ್ಟಿದ್ದು, ಹಲ್ಲು ತೋರಿಸೋಕೆ ತಾಲೂಕು ಆಸ್ಪತ್ರೆಗೆ ಹೋಗಿ ಅಂತ. ಬರೆದು ಎಂಟು ತಿಂಗಳಾಗಿತ್ತು. ಬಾಯಿ ಬಿಡಿಸಿ ನೋಡಿದ್ರೆ ಕೆಳಗಿನ ದವಡೆ ಹಲ್ಲಲ್ಲಿ ಒಂದು ಕರಿಮೆಣಸಿನ ಕಾಳು ಕೂರೋವಷ್ಟು ತೂತು. "ಬೀಳೋ ಹಲ್ಲಲ್ವಾ ಅಕ್ಕ, ಹೊಸದು ಬರುತ್ತೆ" ಅಂದ್ರು ಅವರಮ್ಮ.

ಅದು ಬೀಳೋ ಹಲ್ಲಲ್ಲ. ಸುಮಾರು ಆರು ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಬರುತ್ತೆ, ಅದು ಬರೋಕೆ ಯಾವ ಹಲ್ಲೂ ಬೀಳಲ್ಲ, ಅದಕ್ಕೆ ಮನೇಲಿ ಯಾರಿಗೂ ಗೊತ್ತೇ ಆಗಲ್ಲ, ಆದ್ರೆ ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಮೊದಲು ಹುಳುಕು ಹಿಡಿಯೋದೂ ಹೆಚ್ಚಾಗಿ ಅದಕ್ಕೇ.

1955ರಲ್ಲಿ ನಾಗರಹೊಳೆ ಅಭಯಾರಣ್ಯ ಆಯ್ತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 2016ರಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ತೆರವು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ. ಹೀಗೆ ಕಾಡು ದೂರ ಆಗ್ತಾ ಆಗ್ತಾ ಹಾಡಿಗಳಲ್ಲಿ, ಅಂದ್ರೆ ಆದಿವಾಸಿ ಕೇರಿಗಳಲ್ಲಿ, ಇರೋ ಜೇನುಕುರುಬರ, ಬೆಟ್ಟಕುರುಬರ, ಎರವರ ತಟ್ಟೆಯಲ್ಲಿ ಕಾಡುಗೆಣಸು ಹೋಗಿ ರೇಷನ್ ಅಕ್ಕಿ ಬಂತು, ಪೆಟ್ಟಿಗೆ ಅಂಗಡಿ ಬಿಸ್ಕೆಟ್ ಬಂತು. ಜೇನು ಸೀಸನ್ನಿಗೆ ಸಿಗೋದು, ಸಕ್ಕರೆ ದಿನಾ ಸಿಗುತ್ತೆ. ಹಲ್ಲಲ್ಲಿ ಹುಳ ಏನೂ ಇರಲ್ಲ, ಬಾಯಲ್ಲಿರೋ ಬ್ಯಾಕ್ಟೀರಿಯಾ ಸಿಹಿ ತಿಂದು ಆಸಿಡ್ ಮಾಡುತ್ತೆ, ಆ ಆಸಿಡ್ ಹಲ್ಲನ್ನ ಕರಗಿಸುತ್ತೆ. ದಿನಕ್ಕೆ ಐದಾರು ಸಲ ಸಿಹಿ ಬಾಯಿಗೆ ಬಿದ್ರೆ ಜೊಲ್ಲು ಅದನ್ನ ರಿಪೇರಿ ಮಾಡೋಕೆ ಟೈಮೇ ಸಿಗಲ್ಲ.

1999ರಲ್ಲಿ ವಿರಾಜಪೇಟೇಲೇ ಡೆಂಟಲ್ ಕಾಲೇಜು ಬಂತು, ಇಷ್ಟು ಸಣ್ಣ ಜಿಲ್ಲೆಗೆ ಅದು ದೊಡ್ಡ ವಿಷಯ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯ್ತು, 18 ವರ್ಷದವರೆಗಿನ ಮಕ್ಕಳನ್ನ ತಪಾಸಣೆ ಮಾಡೋದು, ಶಾಲೆಗೆ ವರ್ಷಕ್ಕೊಂದು ಸಲ, ಅಂಗನವಾಡಿಗೆ ಎರಡು ಸಲ. ನೋಡೋ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ಇದಕ್ಕಿಂತ ಮುಂಚೆ ಹಾಡಿ ಮಕ್ಕಳ ಬಾಯಿ ನೋಡೋರೇ ಕಡಿಮೆ, ಹಾಗಾಗಿ ಇದು ನಿಜಕ್ಕೂ ಒಳ್ಳೆ ಕೆಲಸ. ಆದ್ರೆ ಟೀಮ್ ನೋಡುತ್ತೆ, ಬರೆಯುತ್ತೆ, ಚೀಟಿ ಕೊಡುತ್ತೆ, ಹಲ್ಲು ತುಂಬೋ ಕೆಲಸ ಇರೋದು ಆಸ್ಪತ್ರೇಲಿ. ಚೀಟಿಯಿಂದ ಆಸ್ಪತ್ರೆ ಕುರ್ಚಿವರೆಗಿನ ದಾರಿ ಇದೆಯಲ್ಲ, ಎಲ್ಲ ನಿಂತಿರೋದು ಅಲ್ಲೇ. ಕುಯ್ಲಿನ ಟೈಮಲ್ಲಿ ಒಂದು ದಿನ ರಜೆ ಅಂದ್ರೆ ಆ ದಿನದ ಕೂಲಿ ಇಲ್ಲ, ಬೆಳಿಗ್ಗೆ ತೋಟದ ದಾರೀಲಿ ಆನೆ ನಿಂತಿದ್ರೆ ಬಸ್ಸೂ ಹೋಯ್ತು, ಮಳೆಗಾಲದಲ್ಲಿ ಶಾಲೆಗೇ ರಜೆ, ಕೊನೆಗೆ ನೋವು ತಡೆಯೋಕಾಗದೆ ಹೋದಾಗ ಕೀಳೋದು ಬಿಟ್ಟು ಬೇರೆ ದಾರಿ ಉಳಿದಿರಲ್ಲ.

ಹಾಗಾದ್ರೆ ಚಿಕಿತ್ಸೆಯನ್ನೇ ಶಾಲೆಗೆ ತರೋಕಾಗಲ್ವಾ? ಆಗುತ್ತೆ, ಅದೂ ಹೊಸದೇನಲ್ಲ. 1980ರ ದಶಕದಲ್ಲೇ ಟಾಂಜಾನಿಯಾದಲ್ಲಿ ಕರೆಂಟು, ಡ್ರಿಲ್ ಏನೂ ಇಲ್ಲದೆ ಸಣ್ಣ ಚಮಚದಂಥ ಉಪಕರಣದಲ್ಲಿ ಮೆತ್ತಗಾದ ಭಾಗ ಕೆರೆದು ತುಂಬೋ ಪದ್ಧತಿ ಶುರುವಾಯ್ತು, ಆಮೇಲೆ ಅದಕ್ಕೆ ಗ್ಲಾಸ್ ಅಯನೋಮರ್ ಅನ್ನೋ ಸಿಮೆಂಟ್ ಕೈಯಲ್ಲೇ ಕಲಸಿ ತುಂಬೋಕೆ ಶುರು ಮಾಡಿದ್ರು. ಇನ್ನೊಂದು ಸಿಲ್ವರ್ ಡೈಅಮೈನ್ ಫ್ಲೋರೈಡ್, ಒಂದು ದ್ರಾವಣ. ಹಲ್ಲು ಒರೆಸಿ ಒಣಗಿಸಿ ಪುಟ್ಟ ಬ್ರಷ್ಷಲ್ಲಿ ಒಂದು ಹನಿ ಹಚ್ಚೋದು, ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಫ್ಲೋರೈಡ್ ಹಲ್ಲನ್ನ ಗಟ್ಟಿ ಮಾಡುತ್ತೆ. ಸೂಜಿ ಇಲ್ಲ, ನೋವಿಲ್ಲ. ಜಪಾನಲ್ಲಿ 1970ರಿಂದಲೇ ಇದೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ದ್ರಾವಣ, ಆ ಸಿಮೆಂಟ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು. ನ್ಯೂಯಾರ್ಕಿನ ಶಾಲೆಗಳಲ್ಲಿ, ಹೆಚ್ಚಾಗಿ ಬಡ ಮನೆ ಮಕ್ಕಳ ಮೇಲೆ ನಡೆದ ಅಧ್ಯಯನ 2023ರಲ್ಲಿ ಬಂತು, ಒಂದೇ ಸಲ ಹಚ್ಚಿದ್ದಕ್ಕೆ ಎರಡು ವರ್ಷದಲ್ಲಿ ಹೊಸ ಹುಳುಕು ಸುಮಾರು 80 ಶೇಕಡಾ ತಪ್ಪಿತ್ತು, ಇದ್ದ ಹುಳುಕಲ್ಲಿ ಅರ್ಧದಷ್ಟು ಮುಂದುವರಿಯದೆ ನಿಂತಿತ್ತು. ಅಲ್ಲಿ ನರ್ಸ್‌ಗಳೂ ಹಚ್ಚಿದ್ರು ಅನ್ನೋದು ನನಗೆ ಮುಖ್ಯ ಅನ್ಸುತ್ತೆ, ಯಾಕಂದ್ರೆ ನಮ್ಮಲ್ಲೂ ಶಾಲೆಗೆ ಬರೋ ಟೀಮಲ್ಲಿ ನರ್ಸಮ್ಮ ಇರ್ತಾರೆ.

ಒಂದು ತೊಂದರೆ ಇದೆ, ಮುಚ್ಚಿಡಬಾರದು. ಹಚ್ಚಿದ ಜಾಗದಲ್ಲಿ ಹುಳುಕು ಕಪ್ಪಾಗುತ್ತೆ, ಹಾಗೇ ಉಳಿಯುತ್ತೆ. ಹಿಂದಿನ ದವಡೆ ಹಲ್ಲಾದ್ರೆ ಯಾರಿಗೂ ಕಾಣಲ್ಲ, ಮುಂದಿನ ಹಲ್ಲಾದ್ರೆ ಅಪ್ಪ ಅಮ್ಮನಿಗೆ ಫೋಟೋ ತೋರಿಸಿ, ಕೇಳಿ, ಒಪ್ಪಿದ್ರೆ ಮಾತ್ರ ಹಚ್ಚಬೇಕು. ಆಳವಾಗಿ ನರದವರೆಗೆ ಹೋಗಿದ್ರೆ, ಊದಿಕೊಂಡಿದ್ರೆ ಇದು ಸಾಲಲ್ಲ, ಆಸ್ಪತ್ರೆಗೇ ಕರ್ಕೊಂಡು ಹೋಗಬೇಕು.

ಈ ದ್ರಾವಣವನ್ನ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮತ್ತೆ ಹಚ್ತಾರೆ. ಕೊಡಗಲ್ಲಿ ಜೂನಿಂದ ಆಗಸ್ಟ್ ಮಳೆ, ಡಿಸೆಂಬರಿಂದ ಕುಯ್ಲು, ಲೈನ್ ಮನೆ ಮಕ್ಕಳು ಅಪ್ಪ ಅಮ್ಮನ ಜೊತೆ ತೋಟದಿಂದ ತೋಟಕ್ಕೆ ಹೋಗ್ತಿರ್ತಾರೆ, ಅದೇ ಮಗು ಮತ್ತೆ ಸಿಗೋದು ಕಷ್ಟ. ಆಶ್ರಮ ಶಾಲೆ ಮಕ್ಕಳಾದ್ರೆ ರಾತ್ರಿನೂ ಅಲ್ಲೇ ಇರ್ತಾರೆ, ಅಕ್ಟೋಬರಲ್ಲಿ ಹಚ್ಚಿದ ಮಗು ಬೇಸಿಗೆ ರಜೆಗೆ ಮುಂಚೆ ಮತ್ತೆ ಅದೇ ಬೆಂಚಲ್ಲಿ ಸಿಗುತ್ತೆ.